ದೊಡ್ಡ ಎಂಜಿನ್ನಿಗೆ ಸಣ್ಣ ಪುಲ್ಲಿ

ಸುಧೀರನ ಕಣ್ಣಿಗೆ ಈ ಭೂಮಿಯ ಮೇಲೆ ಸರಿಯಾಗಿ ಕಂಡದ್ದು ತೀರಾ ಕಡಿಮೆ. ಮದುವೆ ಮನೆಗೆ ಹೋದರೆ ಸಾರಿಗೆ ಉಪ್ಪು ಸಾಲದು, ಫೋಟೊ ತೆಗೆಯುವವನಿಗೆ ಕ್ಯಾಮರಾ ಹಿಡಿಯಲು ಬಾರದು, ಪಕ್ಕದ ಮನೆಯವರು ಜಗಲಿಗೆ ಹಾಕಿಸಿದ ಟೈಲ್ಸು ಬಚ್ಚಲಿಗೆ ಲಾಯಕ್ಕು. ಅವನಿಗೆ ತೋರಿಸಿದ ಹೆಣ್ಣುಗಳಲ್ಲಿ ಒಬ್ಬಳ ನಗು ಜಾಸ್ತಿ, ಇನ್ನೊಬ್ಬಳ ಅಣ್ಣನ ಮಾತು ಜಾಸ್ತಿ. ಹೀಗೆ ಸೋಸುತ್ತಾ ಸೋಸುತ್ತಾ ನಲವತ್ತರ ಹತ್ತಿರ ಬಂದು ನಿಂತಿದ್ದ. ಹೆಣ್ಣು ತೋರಿಸುವವರು ಈಗೀಗ ಇವನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಿದ್ದರು.

ಕೆಲಸ ಕುಂದಾಪುರದಲ್ಲಿ, ಹುಲ್ಲು ಕತ್ತರಿಸುವ ಯಂತ್ರ, ಟಿಲ್ಲರು, ಪಂಪು ಮಾರುವ ಅಂಗಡಿಯೊಂದರ ರಿಪೇರಿ ವಿಭಾಗದಲ್ಲಿ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವ. ಕೈ ಒಳ್ಳೆಯದು, ಅದನ್ನು ಶತ್ರುಗಳೂ ಒಪ್ಪುತ್ತಿದ್ದರು. ಶತ್ರುಗಳಿಗೆ ಕೊರತೆಯೂ ಇರಲಿಲ್ಲ. ಕೆಟ್ಟ ಪಂಪು ಹೊತ್ತು ತಂದವರ ಎದುರು ಮೊದಲು ಪಂಪನ್ನು ಬೈದು, ಆಮೇಲೆ ತಂದವರನ್ನು ಬೈದು, ಕೊನೆಗೆ ಸರಿ ಮಾಡಿ ಕೊಡುತ್ತಿದ್ದ. ಅಂಗಡಿಯ ಧಣಿ ಬುದ್ಧಿವಂತ. ಇವನ ಮೇಜನ್ನು ಗಿರಾಕಿಗಳಿಗೆ ಕಾಣದ ಹಾಗೆ ಹಿಂದಿನ ಗೋಡೆಗೆ ತಾಗಿಸಿ ಹಾಕಿಸಿದ್ದ.

ಮನೆ ಬಿಜೂರಿನಲ್ಲಿ. ತಾಯಿ ಸರಸ, ಅಕ್ಕ ಸುಗುಣ, ಸುಗುಣಳ ಮಗಳು ಶ್ರಾವ್ಯ. ಭಾವ ಪುಣೆಯಲ್ಲಿ ಹೋಟೆಲು ನೋಡಿಕೊಂಡು ಇದ್ದವ, ಬಂದು ಹೋಗಿ ಮಾಡುತ್ತಿದ್ದ. ಎಂಟನೇ ಕ್ಲಾಸಿನ ಶ್ರಾವ್ಯಳ ವಿಷಯದಲ್ಲಿ ಮಾತ್ರ ಸುಧೀರನ ನಾಲಿಗೆ ಸುಮ್ಮನಿರುತ್ತಿತ್ತು. ಅವಳು ಬಿಡಿಸಿದ ಚಿತ್ರ ನೋಡಿ 'ಚಂದ ಇತ್ತ್' ಅನ್ನುತ್ತಿದ್ದ, ಅವಳು ಮಾಡಿದ ಉಪ್ಪಿಲ್ಲದ ಉಪ್ಪಿಟ್ಟನ್ನು ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದ. ಮನೆಯವರು ಇದನ್ನು ದೊಡ್ಡ ಪವಾಡ ಅಂತಲೇ ತಿಳಿದಿದ್ದರು.

ಇನ್ನು ಪ್ರೇಮಾನಂದ. ಸರಸಳ ತಮ್ಮ, ಸುಧೀರನ ಸೋದರಮಾವ. ಚಿಕ್ಕ ಪ್ರಾಯದಲ್ಲಿ ಮುಂಬೈಗೆ ಹೋಗಿ, ಗ್ಲಾಸು ತೊಳೆದು, ಗಲ್ಲಾಪೆಟ್ಟಿಗೆಯಲ್ಲಿ ಕೂತು, ಕೊನೆಗೆ ಹೋಟೆಲಿಗೇ ಧಣಿಯಾಗಿ ಊರಿಗೆ ಬಂದವರು. ಬಂದವರು ಸುಮ್ಮನೆ ಕೂತರೇ? ಬೈಂದೂರಿನ ಹತ್ತಿರ ಹೈವೇ ಬದಿಯಲ್ಲಿ ಒಂದು ರೆಸಾರ್ಟು ಕಟ್ಟಿಸಿದರು. ಅದರ ಹೆಸರಿನಲ್ಲಿ ಸಮುದ್ರವಿತ್ತು, ಕಿಟಕಿಯಲ್ಲಿ ಪೆಟ್ರೋಲ್ ಪಂಪು ಕಾಣುತ್ತಿತ್ತು. ಗೇಟಿನಲ್ಲಿ ಸಿಮೆಂಟಿನ ಜಿರಾಫೆ. ಜಿರಾಫೆ ಯಾಕೆ ಅಂತ ಯಾರೂ ಕೇಳಲಿಲ್ಲ, ಯಾಕೆಂದರೆ ಪ್ರೇಮಾನಂದರನ್ನು ಆ ಕುಟುಂಬದಲ್ಲಿ ಯಾರೂ ಏನೂ ಕೇಳುವ ಪದ್ಧತಿ ಇರಲಿಲ್ಲ. ಯಾವುದೇ ವಸ್ತುವಿನಲ್ಲಿ ದೊಡ್ಡದೇ ಒಳ್ಳೆಯದು ಎನ್ನುವುದು ಅವರು ಮುಂಬೈಯಿಂದ ತಂದ ಜ್ಞಾನ. ಸುಧೀರನೊಬ್ಬ ಮಾತ್ರ ಆ ಜಿರಾಫೆ ಬಂದ ದಿನವೇ 'ಮಾವಯ್ಯ, ಇದ್ಕೆ ಮೇವ್ ಯಾರ್ ಹಾಕುದ್?' ಅಂತ ಕೇಳಿ, ರೆಸಾರ್ಟಿಗೆ ಊಟಕ್ಕೆ ಬಂದವರ ಎದುರು ಬೈಸಿಕೊಂಡಿದ್ದ.

ಮಳೆಗಾಲ ಮುಗಿದು, ರೆಸಾರ್ಟಿನ ಹಿಂದಿನ ಗದ್ದೆಯ ಕೊಯ್ಲು ಆದಮೇಲೆ ಪ್ರೇಮಾನಂದರ ತಲೆಗೆ ಹೊಸ ಹುಳ ಹೊಕ್ಕಿತು. ಗದ್ದೆಯನ್ನು ಸಮ ಮಾಡಿ, ಸುತ್ತ ಹಳೇ ಟಯರು ಜೋಡಿಸಿ, ಗೋ-ಕಾರ್ಟು ಓಡಿಸುವುದು. ದಾರಿಯಲ್ಲಿ ಹೋಗುವ ಪ್ರವಾಸಿಗಳ ಮಕ್ಕಳು ಅದನ್ನು ಕಂಡು ಅಪ್ಪಂದಿರ ಅಂಗಿ ಜಗ್ಗುತ್ತಾರೆ, ಅಪ್ಪಂದಿರು ನಿಲ್ಲುತ್ತಾರೆ, ನಿಂತವರು ಊಟ ಮಾಡುತ್ತಾರೆ. ಎಲ್ಲೋ ಮುಚ್ಚಿಹೋದ ಆಟದ ಮೈದಾನದಿಂದ ಒಂದು ಹಳೇ ಕಾರ್ಟು ಲಾರಿಯಲ್ಲಿ ಬಂದಿಳಿಯಿತು. ನಾಲ್ಕು ಪುಟ್ಟ ಚಕ್ರ, ನೆಲಕ್ಕೆ ತಾಗುವ ಹಾಗಿನ ಕಬ್ಬಿಣದ ಚೌಕಟ್ಟು, ಒಂದು ಪ್ಲಾಸ್ಟಿಕ್ ಸೀಟು. ಎಂಜಿನ್ ಇದ್ದ ಜಾಗದಲ್ಲಿ ಬೋಲ್ಟಿನ ತೂತು ಮಾತ್ರ ಉಳಿದಿತ್ತು.

ಅದನ್ನು ನೋಡಲು ಮನೆಯವರೆಲ್ಲ ಬಂದರು. ಸುಧೀರನೂ ಬಂದ, ಪ್ಯಾಂಟಿನ ಕಿಸೆಯಲ್ಲಿ ಕೈ ಹಾಕಿಕೊಂಡು ಒಂದು ಸುತ್ತು ಹಾಕಿದ.

"ಇದ್ ಗಾಡಿಯಾ ಮಾವಯ್ಯ? ನಾ ಮೀನ್ ಒಣ್ಸು ಮಂಚ ಅಂದ್ಕಂಡೆ."

ಪ್ರೇಮಾನಂದರು ಕೇಳಿಸದವರ ಹಾಗೆ ಅಕ್ಕನ ಕಡೆ ತಿರುಗಿದರು. "ಗೇರ್ ಇಲ್ಲೆ, ಕ್ಲಚ್ ಇಲ್ಲೆ ಅಕ್ಕ. ಟಾರ್ಕ್ ಕನ್ವರ್ಟರ್ ಅಂದೇಳಿ ಒಂದ್ ತರ್ಸಿದ್ದೆ. ಮಕ್ಳ್ ಕಾಲಗೆ ಒತ್ತಿರೆ ಸೈ, ಅದೇ ಓಡತ್ತ್."

"ಓಡತ್ತ್, ಓಡತ್ತ್," ಅಂದ ಸುಧೀರ. "ತಳ್ಳುಕೆ ಜನ ಇದ್ರೆ ನಿಮ್ಮ ಜಿರಾಫೆಯೂ ಓಡತ್ತ್."

ವೇಟರುಗಳು ಮುಖ ಆಚೆ ತಿರುಗಿಸಿ ನಕ್ಕರು. ಪ್ರೇಮಾನಂದರ ಕಿವಿ ಕೆಂಪಾಯಿತು. "ಹ್ವಾಯ್ ಅಳಿಯ, ಒಂದ್ ಮಾತ್ ಕೇಣ್. ನೀ ಈ ಗಾಡಿಗೆ ಕೈ ಹಾಕುದ್ ಬ್ಯಾಡ, ಬಾಯೂ ಹಾಕುದ್ ಬ್ಯಾಡ. ಸಚಿನ್ ಇದ್ದ, ಅವ ಕಾಣ್ಕಂತ." ಸಚಿನ್ ಎಂದರೆ ರೆಸಾರ್ಟಿನ ಜನರೇಟರು, ನಲ್ಲಿ, ಲೈಟು ಎಲ್ಲ ನೋಡಿಕೊಳ್ಳುವವನು. ಹೇಳಿದ್ದಕ್ಕೆ ಹೂಂ ಅನ್ನುವುದು ಅವನ ದೊಡ್ಡ ಅರ್ಹತೆ.

ಟಾರ್ಕ್ ಕನ್ವರ್ಟರ್ ಅಂದರೆ ಹೆದರುವಂಥದ್ದು ಏನಲ್ಲ. ಎರಡು ಪುಲ್ಲಿ, ನಡುವೆ ಒಂದು ಬೆಲ್ಟು. ಎಂಜಿನ್ ನಿಧಾನ ಇದ್ದಾಗ ಎಳೆತ ಹೆಚ್ಚು ಕೊಟ್ಟು, ವೇಗ ಏರಿದಂತೆ ತಾನೇ ಹೊಂದಿಕೊಳ್ಳುತ್ತದೆ. ಅದರ ಮುಂದಿನ ಪುಲ್ಲಿ ಎಂಜಿನ್ನಿನ ತಿರುಗುವ ದಂಡಕ್ಕೆ, ಅಂದರೆ ಶಾಫ್ಟಿಗೆ, ಸಿಕ್ಕಬೇಕು. ಪುಲ್ಲಿಯ ತೂತು ಎಷ್ಟೋ, ಶಾಫ್ಟು ಅಷ್ಟೇ ದಪ್ಪ ಇರಬೇಕು. ಇದು ತಿಳಿಯಲು ಡಿಪ್ಲೊಮಾ ಬೇಡ, ಬೆರಳಿಗೆ ಉಂಗುರ ಹಾಕಿ ನೋಡಿದವರಿಗೂ ತಿಳಿಯುತ್ತದೆ. ಪ್ರೇಮಾನಂದರು ತರಿಸಿದ್ದು ಸಣ್ಣ ಎಂಜಿನ್ನಿನ ಕನ್ವರ್ಟರು. ತೋಟಕ್ಕೆ ಔಷಧಿ ಹೊಡೆಯುವ ಪಂಪಿನ ಎಂಜಿನ್ ಅದಕ್ಕೆ ಲೆಕ್ಕ ಹಾಕಿದ ಹಾಗೆ ಕೂರುತ್ತಿತ್ತು, ಸಚಿನ್ ಅಂಥದ್ದೊಂದನ್ನು ಹುಡುಕಿಯೂ ತಂದಿದ್ದ. ಪ್ರೇಮಾನಂದರು ಅದನ್ನು ಕಾಲಿನ ತುದಿಯಲ್ಲಿ ಮುಟ್ಟಿ, "ಇದ್ರಂಗೆ ಕಾಪಿ ಗ್ರೈಂಡ್ ಮಾಡುಕ್ ಆತ್ತ್," ಅಂದರು. ಮರುವಾರ ಹಂಗಾರಕಟ್ಟೆಯಲ್ಲಿ ಬೋಟು ಕಟ್ಟುವವರ ಹತ್ತಿರ ನೀರೆತ್ತಲು ಇದ್ದ ದೊಡ್ಡ ಎಂಜಿನ್ ಬಂತು. ಶಕ್ತಿ ದುಪ್ಪಟ್ಟು, ಶಾಫ್ಟೂ ದಪ್ಪ. ಪುಲ್ಲಿ ಅದರ ತುದಿಗೂ ಇಳಿಯಲಿಲ್ಲ.

ದೊಡ್ಡ ಎಂಜಿನ್ನಿಗೆ ದೊಡ್ಡ ಕನ್ವರ್ಟರು ತರಿಸಬೇಕಿತ್ತು, ಇಲ್ಲವೇ ಸಣ್ಣ ಎಂಜಿನ್ನೇ ಹಾಕಬೇಕಿತ್ತು. ಹಾಗಂತ ಹೇಳುವವರು ಯಾರು? ಸಚಿನ್ ಹೂಂ ಅಂದ. ಪುಲ್ಲಿಯ ತೂತನ್ನೇ ಕೊರೆದು ದೊಡ್ಡದು ಮಾಡಿಸಿದರಾಯಿತು ಅಂತ ಪ್ರೇಮಾನಂದರು ಅಪ್ಪಣೆ ಕೊಟ್ಟರು.

ಕೊರೆದದ್ದು ಕುಂದಾಪುರದ ಗುರುವ. ಅವನ ಲೇತ್ ಅಂಗಡಿ ಸುಧೀರನ ಅಂಗಡಿಯ ಹಿಂದಿನ ಓಣಿಯಲ್ಲೇ ಇತ್ತು. ಸುಧೀರ ಯಾವುದೋ ಬುಷ್ ಮಾಡಿಸಲು ಹೋದಾಗ ಗುರುವ ಪುಲ್ಲಿ ಎತ್ತಿ ತೋರಿಸಿದ.

"ಕಾಣಿ ಸುಧೀರಣ್ಣ, ನಿಮ್ ಮಾವನ್ ಮಾಲ್. ಕೊರೀರೆ ತೆಳು ಆತ್ತ್ ಅಂದೇಳಿ ನಾ ಹೇಳ್ದೆ. ನಿನ್ ಕೆಲ್ಸ ನೀ ಮಾಡ್ ಅಂದ್ರ್."

ಸುಧೀರ ಅದನ್ನು ಕೈಗೆ ತೆಗೆದುಕೊಂಡ. ತೂತಿನ ಸುತ್ತ ಉಳಿದ ಗೋಡೆ ತೆಳುವಾಗಿತ್ತು. ಪುಲ್ಲಿ ಶಾಫ್ಟಿನ ಮೇಲೆ ಜಾರದ ಹಾಗೆ ಕೀ ಎನ್ನುವ ಕಬ್ಬಿಣದ ತುಂಡು ಕೂರಿಸಲು ಗುರುವ ಒಂದು ಸೀಳು ಬೇರೆ ಹಾಕಿದ್ದ. ಆ ಸೀಳಿನ ಬೆನ್ನಿಗೆ ಉಳಿದ ಲೋಹ ಹಪ್ಪಳದಷ್ಟು. ಅಂಗಳದಲ್ಲಿ ಮೆಲ್ಲಗೆ ಓಡಿಸಿದರೆ ನಿಲ್ಲಬಹುದು. ಕಾಲು ಒತ್ತಿ ಎಂಜಿನ್ ಕೂಗಿಸಿದರೆ ಸೀಳಿನಲ್ಲೇ ಬಿರುಕು ಬಿಟ್ಟು ಸಿಡಿಯುತ್ತದೆ, ಅದರಲ್ಲಿ ಅನುಮಾನವೇ ಇಲ್ಲ. ಕಾರ್ಟಿನಲ್ಲಿ ಆ ಪುಲ್ಲಿ ತಿರುಗುವುದು ಓಡಿಸುವವನ ಬಲಗಡೆ, ಬೆನ್ನ ಹಿಂದೆ ಒಂದು ಗೇಣು ದೂರದಲ್ಲಿ. ಪುಲ್ಲಿಗೆ ಅಡ್ಡವಾಗಿ ಇರಬೇಕಾದ ಹಳೇ ಮುಚ್ಚಳ ದೊಡ್ಡ ಎಂಜಿನ್ನಿಗೆ ಕೂರದೆ ಅದನ್ನೂ ತೆಗೆದು ಬಿಸಾಡಿದ್ದರು.

"ನೀವಾರೂ ಒಂದ್ ಮಾತ್ ಹೇಳಿ ಕಾಣಿ," ಅಂದ ಗುರುವ.

"ಹೇಳಿರೆ ಕೇಂಬು ಕಿವಿ ಅವ್ರಿಗಿತ್ತಾ?" ಸುಧೀರ ಪುಲ್ಲಿಯನ್ನು ಮೇಜಿನ ಮೇಲಿಟ್ಟು ಕೈ ಒರೆಸಿಕೊಂಡ. "ಕೈ ಹಾಕುದ್ ಬ್ಯಾಡ, ಬಾಯಿ ಹಾಕುದ್ ಬ್ಯಾಡ ಅಂದಿದ್ರ್. ಆಯ್ಲಿ. ಕಾಂಬ."

ಫೋನು ಅಂಗಿಯ ಕಿಸೆಯಲ್ಲೇ ಇತ್ತು. ತೆಗೆಯಲಿಲ್ಲ. ಬೈಕಿನಲ್ಲಿ ಬಿಜೂರಿಗೆ ಬರುವ ದಾರಿಯುದ್ದಕ್ಕೂ ಅವನ ಕಣ್ಣೆದುರು ಒಂದೇ ಚಿತ್ರ. ಊರ ಗಣ್ಯರೆಲ್ಲ ಸಾಲಾಗಿ ಕೂತಿದ್ದಾರೆ, ಬಿಳಿ ಅಂಗಿಯ ಮೇಲೆ ಹಾರ ಹಾಕಿಕೊಂಡ ಮಾವಯ್ಯ ಕಾರ್ಟಿನಲ್ಲಿ ಹೊಟ್ಟೆ ಮಡಚಿ ಕೂರುತ್ತಾರೆ, ಹೊರಡುತ್ತಾರೆ, ಫಟ್. ಆಮೇಲೆ ಆ ಮುಖ! ಮಾವಯ್ಯನಿಗೆ ಪೆಟ್ಟಾದರೆ? ಸಣ್ಣ ಪೆಟ್ಟೊಂದು ಆಗಲಿ, ಬುದ್ಧಿ ಬರುತ್ತದೆ. ಇಂಥ ಯೋಚನೆ ಬಾಗಿಲಿಗೆ ಬಂದರೆ ನಾವು ನೀವು ಅಟ್ಟುತ್ತೇವೆ. ಸುಧೀರ ಅದನ್ನು ಒಳಗೆ ಕರೆದು ಕುರ್ಚಿ ಹಾಕಿ ಕೂರಿಸಿದ. ಆ ರಾತ್ರಿ ಊಟಕ್ಕೆ ಮೀನು ಸಾರು ಸರಿಯಾಗಿದೆ ಅಂತ ಹೇಳಿದ್ದು ಕೇಳಿ ಸರಸ ಮಗನ ಹಣೆ ಮುಟ್ಟಿ ನೋಡಿದಳು.

ಉದ್ಘಾಟನೆಯ ದಿನ ಭಾನುವಾರ. ಗದ್ದೆಯ ಬದಿಯಲ್ಲಿ ಶಾಮಿಯಾನ, ಮೈಕು, ಅತಿಥಿಗಳಿಗೆ ಎಳನೀರು. ಕಾರ್ಟಿಗೆ ಸೇವಂತಿಗೆ ಮಾಲೆ, ಎಂಜಿನ್ನಿಗೆ ಅರಸಿನ ಕುಂಕುಮ. ಕೊರೆದ ಪುಲ್ಲಿಗೆ ಕೆಂಪು ಬಣ್ಣ ಬಳಿದು ಅದರ ಮೇಲೂ ಗಂಧದ ಬೊಟ್ಟು ಇಟ್ಟಿದ್ದರು. ಸಚಿನ್ ಹಿಂದಿನ ದಿನ ಅಂಗಳದಲ್ಲಿ ಮೆಲ್ಲಗೆ ಓಡಿಸಿ ನೋಡಿ 'ಪಸ್ಟ್ ಕ್ಲಾಸ್' ಅಂದಿದ್ದನಂತೆ. ಸುಧೀರ ಹಿಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ, ನಾಟಕಕ್ಕೆ ಮುಂಗಡ ಟಿಕೆಟು ಮಾಡಿಸಿದವನ ಹಾಗೆ ಕೂತಿದ್ದ.

ತೆಂಗಿನಕಾಯಿ ಒಡೆದಾಯಿತು. ಪ್ರೇಮಾನಂದರು ಮೈಕು ಹಿಡಿದರು. ತಾವು ಮುಂಬೈಗೆ ಹೋದ ಕಥೆಯನ್ನು ಮೊದಲಿನಿಂದ ಹೇಳಿದರು. ಆಮೇಲೆ ಕೈ ಚಾಚಿದರು.

"ಮೊದ್ಲ್ ನಮ್ಮನಿ ಹೆಣ್ಮಗು ಕೂಕಣ್ಕ್. ಶ್ರಾವ್ಯ, ಬಾ ಮಗಾ."

ಸುಧೀರನ ಮೇಲಿನ ಕಾಲು ಕೆಳಗಿಳಿಯಿತು. ಅವರ ಕುಟುಂಬದ ನಡೆಯೇ ಅದು. ಮನೆ, ಹೆಸರು, ದೈವದ ಪಾಲು ಎಲ್ಲ ಹೆಣ್ಣಿನ ಕಡೆಯಿಂದ ಬಂದ ವಂಶ. ಹೊಸದು ಏನು ಬಂದರೂ ಮೊದಲು ಮನೆಯ ಹೆಣ್ಣುಮಗಳ ಕೈ ಮುಟ್ಟಬೇಕು. ಪ್ರೇಮಾನಂದರ ಮೊದಲ ಕಾರಿನಲ್ಲಿ ಮೊದಲು ಕೂತವಳು ಸರಸ. ರೆಸಾರ್ಟಿನ ಒಲೆಗೆ ಮೊದಲು ಬೆಂಕಿ ಕೊಟ್ಟವಳು ಸುಗುಣ. ಇದೆಲ್ಲ ಸುಧೀರನಿಗೆ ಗೊತ್ತಿಲ್ಲದ್ದಲ್ಲ. ಆದರೆ ಮನೆಯ ಪದ್ಧತಿಗಳನ್ನೆಲ್ಲ ಮೂಗು ಮುರಿದು ಮುರಿದು ತಲೆಯಿಂದ ಹೊರಗೆ ಹಾಕಿದವನಿಗೆ, ಬೇಕಾದ ಹೊತ್ತಿನಲ್ಲಿ ಅದು ನೆನಪಾಗಲೇ ಇಲ್ಲ. ಅವನ ಚಿತ್ರದಲ್ಲಿ ಇದ್ದದ್ದು ಮಾವಯ್ಯ ಒಬ್ಬರೇ.

ಶ್ರಾವ್ಯ ಆಗಲೇ ಕೂತಾಗಿತ್ತು. ತಲೆಗೆ ದೊಡ್ಡದಾದ ಹೆಲ್ಮೆಟ್ಟಿನೊಳಗಿಂದ ನಗುತ್ತಿದ್ದಳು. ಸುಧೀರ ಕುರ್ಚಿಗಳನ್ನು ದಾಟಿ ಓಡಿದ.

"ಮಾವಯ್ಯ, ಬ್ಯಾಡ. ಅದ್ರ ಪುಲ್ಲಿ ಒಡೀತ್ತ್. ಮಗೂನ ಇಳ್ಸಿ."

ಪ್ರೇಮಾನಂದರು ಮೈಕನ್ನು ಬದಿಗೂ ಹಿಡಿಯಲಿಲ್ಲ. "ಕೇಂಡ್ರ್ಯಾ? ನಮ್ಮಳಿಯ ಶುರು ಮಾಡ್ದ." ಶಾಮಿಯಾನದ ಉದ್ದಕ್ಕೂ ನಗು ಹರಿಯಿತು. "ಅಲ್ಲ ಮಾರಾಯ, ನಿನ್ ಬಾಯಗೆ ಇಷ್ಟ್ ವರ್ಷದಗೆ ಒಡೀದೆ ಉಳ್ದದ್ದ್ ಎಂತ ಇತ್ತ್?"

"ತಮಾಷಿ ಅಲ್ಲ. ನಾ ಹೇಳುದ್ ಕೇಣಿ. ಕೊರ್ದ್ ತೆಳು ಆಯ್ತ್ ಅದ್."

"ಜಿರಾಫೆ ಬೀಳತ್ತ್ ಅಂದಿದ್ದೆ, ಬಿತ್ತಾ? ಈಜುಕೊಳ ಸೋರತ್ತ್ ಅಂದಿದ್ದೆ, ಸೋರ್ತಾ? ನನ್ ಮಗ್ನ ಮದ್ವಿ ವರ್ಷ ಬಾಳುದಿಲ್ಲೆ ಅಂದೆ, ಈಗ್ ಮೊಮ್ಮಗು ಆಯ್ತ್." ಪ್ರೇಮಾನಂದರಿಗೆ ಒಂದೂ ಮರೆತಿರಲಿಲ್ಲ.

ಸುಧೀರ ಅಮ್ಮನ ಕಡೆ ನೋಡಿದ. ಸರಸ ನಾಚಿಕೆಯಿಂದ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. "ದಮ್ಮಯ್ಯ ಸುಧೀರ, ಇವತ್ತೊಂದ್ ದಿನ ಬಾಯ್ ಮುಚ್ಕಣ್." ಸುಗುಣಳ ಕಡೆ ನೋಡಿದ. ಅವಳು ಮಗಳ ಫೋಟೊ ತೆಗೆಯಲು ಫೋನು ಎತ್ತಿ ಹಿಡಿದು, ಫ್ರೇಮಿನಿಂದ ಆಚೆ ಹೋಗು ಅಂತ ಕೈ ಬೀಸುತ್ತಿದ್ದಳು.

ಅವನು ಬಗ್ಗಿ ಎಂಜಿನ್ನಿನ ಪ್ಲಗ್ಗಿನ ವಯರು ಕಿತ್ತ. ಸಚಿನ್ ಬಂದು ವಾಪಸು ಸಿಕ್ಕಿಸಿದ. ಮತ್ತೆ ಕಿತ್ತ. ಈ ಸಲ ಪ್ರೇಮಾನಂದರು ಕಣ್ಸನ್ನೆ ಮಾಡಿದ್ದಕ್ಕೆ ಇಬ್ಬರು ವೇಟರುಗಳು ಬಂದು, ಕುಡಿದವನನ್ನು ಮೆಟ್ಟಲಿಳಿಸುವ ಮರ್ಯಾದೆಯಲ್ಲಿ ಅವನ ತೋಳು ಹಿಡಿದು ಬದಿಗೆ ತಂದರು. ಸಚಿನ್ ಹಗ್ಗ ಎಳೆದ, ಎಂಜಿನ್ ಗುಡುಗಿತು, ಜನ ಚಪ್ಪಾಳೆ ತಟ್ಟಿದರು. ಶ್ರಾವ್ಯ ಎರಡೂ ಕೈಯಲ್ಲಿ ಸ್ಟಿಯರಿಂಗು ಹಿಡಿದಳು. ಬಾಯಿ ತೆಗೆದರೆ ಜನ ನಗಬೇಕು ಅಂತ ಇಷ್ಟು ವರ್ಷ ಬದುಕಿದವ ಬಾಯಿ ತೆಗೆದಿದ್ದ, ಜನ ನಕ್ಕಿದ್ದರು. ಅದರಾಚೆ ಅವನ ಮಾತಿನಿಂದ ಆಗುವಂಥದ್ದು ಏನೂ ಉಳಿದಿರಲಿಲ್ಲ.

ಸುಧೀರ ತೋಳು ಕೊಡವಿ ಬಿಡಿಸಿಕೊಂಡು ಓಡಿದ. ಶ್ರಾವ್ಯಳನ್ನು ಕಂಕುಳಿಗೆ ಕೈ ಹಾಕಿ ಸೀಟಿನಿಂದ ಎತ್ತಿ ಗದ್ದೆಗೆ ಹಾಕಿದ. ಮೆಲ್ಲಗೆ ಇಳಿಸುವಷ್ಟು ಹೊತ್ತು ಇರಲಿಲ್ಲ, ಅವಳ ಮೊಣಕಾಲು ಬದಿಯಲ್ಲಿ ಉಳಿದಿದ್ದ ಭತ್ತದ ಕೂಳೆಗೆ ಉಜ್ಜಿ "ಅಮ್ಮಾ" ಅಂತ ಕೂಗಿದಳು. ಅವನು ಆ ಮಕ್ಕಳ ಸೀಟಿನಲ್ಲಿ ಮೊಣಕಾಲನ್ನು ಗಲ್ಲಕ್ಕೆ ತಾಗಿಸಿ ಕೂತು ಕಾಲು ಒತ್ತಿದ.

ಮೆಲ್ಲಗೆ ಹೋದರೆ ಪುಲ್ಲಿ ಉಳಿಯುತ್ತದೆ. ಉಳಿದರೆ ಮತ್ತೆ ಶ್ರಾವ್ಯಳನ್ನೇ ಕೂರಿಸುತ್ತಾರೆ. ಹಾಗಾಗಿ ಅದು ಈಗಲೇ ಒಡೆಯಬೇಕು, ಜನರಿಂದ ದೂರದಲ್ಲಿ ಒಡೆಯಬೇಕು. ಅವನು ಕಾಲನ್ನು ನೆಲಕ್ಕೆ ತಾಗುವವರೆಗೂ ಒತ್ತಿ ಹಿಡಿದ. ಮಾಲೆಯ ಸೇವಂತಿಗೆ ಮುಖಕ್ಕೆ ರಾಚಿತು. ಗದ್ದೆಯ ಆಚೆ ತಿರುವಿನ ಟಯರುಗಳ ಹತ್ತಿರ ಬೆನ್ನ ಹಿಂದೆ ಕೋವಿ ಹೊಡೆದ ಸದ್ದಾಯಿತು. ಬಲತೋಳಿಗೆ ಯಾರೋ ಗುದ್ದಿದ ಹಾಗಾಗಿ, ಕಾರ್ಟು ಟಯರಿಗೆ ಮೂಗು ತಾಗಿಸಿ ನಿಂತಿತು. ತಿರುಗಿ ನೋಡಿದರೆ ಸೀಟಿನ ಬೆನ್ನಿನ ಅಂಚು ಹರಿದುಹೋಗಿತ್ತು. ಅವನಿಗೆ ಅದು ತೋಳಿನ ಎತ್ತರ. ಶ್ರಾವ್ಯಳಿಗೆ ಕುತ್ತಿಗೆಯ ಎತ್ತರ. ರಕ್ತ ಸುರಿಯುವ ತೋಳನ್ನು ಮರೆತು ಸುಧೀರ ಆ ಹರಿದ ಅಂಚನ್ನು ಅಂಗೈಯಲ್ಲಿ ಮುಚ್ಚಿ ಹಿಡಿದ.

ಜನ ಓಡಿ ಬಂದರು. ಮೊದಲು ಅಯ್ಯೋ ಅಂದರು. ರಕ್ತಕ್ಕೆ ಟವೆಲು ಸುತ್ತಿ, ಜೀವಕ್ಕೆ ಏನೂ ಇಲ್ಲ ಅಂತ ಖಾತ್ರಿಯಾದ ಮೇಲೆ ತೀರ್ಪು ಶುರುವಾಯಿತು. ಅಷ್ಟು ಕಾಲು ಒತ್ತಿದರೆ ಯಾವ ಎಂಜಿನ್ ತಡೆಯುತ್ತದೆ? ಬೇಕೆಂತಲೇ ಒಡೆದ. ಮಾವನ ಏಳಿಗೆ ಕಂಡು ಹೊಟ್ಟೆಯುರಿ. ಮಗುವಿನ ಆಸೆಗೂ ಕಲ್ಲು ಹಾಕಿದ. ಪ್ರೇಮಾನಂದರು ಹಾರ ತೆಗೆದು ಕುರ್ಚಿಗೆ ಹಾಕಿ, "ಇನ್ನ್ ನನ್ ಗೇಟಿನೊಳ್ಗೆ ನಿನ್ ಕಾಲ್ ಬಪ್ಪುದ್ ಬ್ಯಾಡ," ಅಂದರು. ಯಾರೂ ಬೆಲ್ಟು, ಪುಲ್ಲಿ ಅಂತ ಬಗ್ಗಿ ನೋಡಲಿಲ್ಲ.

ಬೈಂದೂರಿನ ಕ್ಲಿನಿಕ್ಕಿನಲ್ಲಿ ಡಾಕ್ಟರು ತೋಳಿನಿಂದ ಕೆಂಪು ಬಣ್ಣದ ಲೋಹದ ಚೂರೊಂದನ್ನು ಎಳೆದು ತೆಗೆದು, ಸ್ಟೀಲಿನ ತಟ್ಟೆಗೆ ಹಾಕಿ, ಹೊಲಿಗೆ ಹಾಕಿ ಹೋದರು. ಸುಗುಣ ಮಂಚದ ಪಕ್ಕ ನಿಂತಿದ್ದಳು. ಈಗ ಆ ಚೂರನ್ನು ಎತ್ತಿ, ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದು ಆಚೀಚೆ ತಿರುಗಿಸಿದಳು.

"ಇದ್ ಒಂದ್ ಬದಿ ಇಷ್ಟ್ ತೆಳು ಇತ್ತಲೆ." ಅವಳ ದನಿ ತಗ್ಗಿತು. "ಸುಧೀರ, ನಿಂಗೆ ಇದ್ ಮುಂಚೆಯೇ ಗೊತ್ತಿದ್ದಿತ್ತಾ?"

ಹೌದು ಅಂದರೆ ಸಾಕಿತ್ತು. ಆ ಚೂರನ್ನು ಹಿಡಿದು ಸುಗುಣ ಊರಿಗೆಲ್ಲ ಹೇಳುತ್ತಿದ್ದಳು, ತನ್ನ ತಮ್ಮ ಹೇಳಿದ್ದೇ ಸರಿ, ಮಾವ ಮೂರ್ಖ, ಮಗುವನ್ನು ಉಳಿಸಿದವ ಇವನೇ. ಪ್ರೇಮಾನಂದರು ಇನ್ನು ಹತ್ತು ವರ್ಷ ತಲೆ ಎತ್ತುತ್ತಿರಲಿಲ್ಲ. ಆದರೆ ಅವಳ ಮುಂದಿನ ಪ್ರಶ್ನೆ ಏನು ಅಂತ ಸುಧೀರನಿಗೆ ಕಾಣುತ್ತಿತ್ತು. ಯಾವತ್ತಿನಿಂದ ಗೊತ್ತಿತ್ತು? ಗೊತ್ತಿದ್ದೂ ದಿನಾ ನಮ್ಮ ಜೊತೆ ಕೂತು ಉಂಡೆಯಾ? ಗುರುವನೊಬ್ಬನಿಗೆ ವಿಷಯ ಗೊತ್ತು. ಅವನು ಹೇಳಲಿಕ್ಕಿಲ್ಲ, ಹೇಳಿದರೆ ಕೊರೆದ ತಪ್ಪು ಅವನ ತಲೆಗೇ ಬರುತ್ತದೆ.

"ಇಲ್ಲೆ ಅಕ್ಕ," ಅಂದ ಸುಧೀರ. "ನಂಗೆ ಎಂತದೂ ಗೊತ್ತಿರ್ಲಿಲ್ಲೆ. ಒಡೀತ್ತ್ ಅಂದದ್ದ್ ಸುಮ್ನೆ ಬಾಯಿಗ್ ಬಂದದ್ದ್."

ಗೊತ್ತಿಲ್ಲ ಎನ್ನುವ ಮಾತು ಆ ಬಾಯಿಂದ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

"ಮತ್ತೆಂತಕ್ಕೆ ಮಗೂನ ಎಳ್ದ್ ಹಾಕ್ದೆ?"

"ನಂಗೇ ಮೊದ್ಲ್ ಓಡ್ಸ್ಕ್ ಅಂದೇಳಿ ಆಸಿ ಆಯ್ತ್."

ಸುಗುಣ ಚೂರನ್ನು ತಟ್ಟೆಗೆ ಹಾಕಿ ಅವನನ್ನು ನೋಡಿದಳು. ತುಟಿ ಒಂದು ಬದಿಗೆ ಎಳೆದು, ಕಣ್ಣು ಅರ್ಧ ಮುಚ್ಚಿ, ಮೇಲಿನಿಂದ ಕೆಳಗೆ. ಅಂಥ ನೋಟವನ್ನು ಸುಧೀರ ಇಷ್ಟು ವರ್ಷ ಊರಿಗೆಲ್ಲ ಕೈ ಬಿಚ್ಚಿ ಹಂಚಿದವ. ತನಗೇ ಬಂದದ್ದು ಇದು ಮೊದಲು. ಅವಳು ಬಿಲ್ಲು ಕಟ್ಟಲು ಹೊರಗೆ ಹೋದಳು.

ಶ್ರಾವ್ಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಮೊಣಕಾಲಿಗೆ ಬ್ಯಾಂಡೇಜು ಹಾಕಿದ್ದರು. ಅತ್ತು ಅತ್ತು ಮೂಗು ಕೆಂಪಾಗಿತ್ತು. ಹತ್ತಿರ ಬಂದು ಅವನ ತೋಳಿನ ಹೊಲಿಗೆ ನೋಡಿದಳು.

"ಕೇಂಡಿದ್ರೆ ಮೊದ್ಲ್ ಓಡ್ಸುಕೆ ನಾನೇ ಕೊಡ್ತಿದ್ದೆ ಮಾವ," ಅಂದಳು.

ಸುಧೀರ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.